ವಿಭೂತಿಯ ಗುಟ್ಟು, ನೀರಿನ ಪ್ರಶ್ನೆ

ಶಿರಾ ತಾಲೂಕಿನ ತಾವರೆಕೆರೆಯಿಂದ ಮೂಡಲಿಗೆ ಹೊರಟರೆ ಮಧುಗಿರಿ ಸಿಗುತ್ತದೆ, ಅದರಾಚೆ ಗೌರಿಬಿದನೂರು ತಾಲೂಕಿನ ಹೊಸೂರು. ಪಾವಗಡದ ಕಡೆಯಿಂದ ಆಂಧ್ರದ ಗಡಿ ದಾಟಿ ಹೋದರೆ ಪುಟ್ಟಪರ್ತಿ. ಹೊಸೂರಿನಲ್ಲಿ 1920ರಲ್ಲಿ ಎಚ್. ನರಸಿಂಹಯ್ಯನವರು ಹುಟ್ಟಿದರು, ಪುಟ್ಟಪರ್ತಿಯಲ್ಲಿ 1926ರಲ್ಲಿ ಸತ್ಯಸಾಯಿ ಬಾಬಾ. ಇಬ್ಬರದೂ ಒಂದೇ ಬಯಲುಸೀಮೆ. ಅದೇ ರಾಗಿ, ಅದೇ ಕಡಲೆಕಾಯಿ, ಅದೇ ಬತ್ತಿದ ಕೆರೆ. ಒಬ್ಬರು ಗಾಳಿಯಲ್ಲಿ ಕೈಯಾಡಿಸಿ ವಿಭೂತಿ ಕೊಡುವವರೆಂದು ಜಗತ್ತಿಗೆ ಪರಿಚಿತರಾದರು. ಇನ್ನೊಬ್ಬರು ಆ ವಿಭೂತಿ ಎಲ್ಲಿಂದ ಬಂತೆಂದು ಕೇಳಿದರು. ಕರ್ನಾಟಕದಲ್ಲಿ ‘ಪವಾಡ ಬಯಲು’ ಎಂಬ ಒಂದು ಪರಂಪರೆ ಬೆಳೆದು ಐವತ್ತು ವರ್ಷ ಆಗುತ್ತಾ ಬಂದಿದೆ. ಅದರ ಸಾಧನೆ ದೊಡ್ಡದು. ಆದರೆ ಅದು ಗೆದ್ದ ಜಾಗ ಯಾವುದು, ಕಾಲಿಡದೇ ಬಿಟ್ಟ ಜಾಗ ಯಾವುದು ಎಂದು ಈ ನಾಲ್ಕು ತಾಲೂಕುಗಳ ನೆಲದಲ್ಲಿ ನಿಂತು ನೋಡಿದರೆ ಚೆನ್ನಾಗಿ ಕಾಣುತ್ತದೆ.

ನರಸಿಂಹಯ್ಯನವರು ಬಡ ಕುಟುಂಬದ ಹುಡುಗ. ಓದಲೆಂದು ಹೊಸೂರಿನಿಂದ ಬೆಂಗಳೂರಿಗೆ ನಡೆದೇ ಬಂದವರು. 1942ರ ಚಳವಳಿಯಲ್ಲಿ ಜೈಲಿಗೆ ಹೋದರು, ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಪಿಎಚ್.ಡಿ. ಪಡೆದರು, ಹಿಂತಿರುಗಿ ಬಂದು ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲಿಯೇ ಬಾಳು ಕಳೆದರು. ಖಾದಿ ಜುಬ್ಬ, ಗಾಂಧಿ ಟೋಪಿ. 1962ರಲ್ಲಿ ಅವರು ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ ಸಾಮಾನ್ಯ ಜನರಿಗೆ ವಿಜ್ಞಾನದ ಉಪನ್ಯಾಸ ಕೇಳುವ ರೂಢಿ ಹಚ್ಚಿತು. ಗೌರಿಬಿದನೂರು, ಬಾಗೇಪಲ್ಲಿಯಂಥ ಊರುಗಳಿಗೆ ಕಾಲೇಜು ತಂದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಪರೀಕ್ಷೆಗೆ ಸಿಗುವ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಒಂದು ಸಮಿತಿ ರಚಿಸಿದರು. ವಿಶ್ವವಿದ್ಯಾಲಯವೇ ಮುಂದೆ ನಿಂತು ಇಂಥ ಕೆಲಸಕ್ಕೆ ಕೈಹಾಕುವುದೆಂದರೆ ಆ ಕಾಲಕ್ಕೆ ಸಣ್ಣ ಧೈರ್ಯವಲ್ಲ. ದೇಶದಲ್ಲಿ ತುರ್ತುಪರಿಸ್ಥಿತಿ ಇತ್ತು. ವೈಜ್ಞಾನಿಕ ಮನೋಭಾವ ಬೆಳೆಸುವುದು ನಾಗರಿಕರ ಕರ್ತವ್ಯ ಎಂಬ 51ಎ (ಎಚ್) ವಿಧಿಯೂ ಅದೇ ವರ್ಷದ 42ನೇ ತಿದ್ದುಪಡಿಯಲ್ಲಿ ಸಂವಿಧಾನಕ್ಕೆ ಬಂತು. ಬಾಯಿ ಬಿಡಲು ಜನ ಹೆದರುತ್ತಿದ್ದ ದಿನಗಳಲ್ಲಿ ಪ್ರಶ್ನೆ ಕೇಳುವ ಕರ್ತವ್ಯ ಬರೆಯಲ್ಪಟ್ಟದ್ದು ನಮ್ಮ ಇತಿಹಾಸದ ವಿಚಿತ್ರಗಳಲ್ಲೊಂದು.

ಸಮಿತಿಯ ಮುಂದೆ, ಒಪ್ಪಿತ ನಿಬಂಧನೆಗಳಲ್ಲಿ, ಪವಾಡವನ್ನು ಮಾಡಿ ತೋರಿಸಬೇಕೆಂದು ನರಸಿಂಹಯ್ಯನವರು ಸತ್ಯಸಾಯಿ ಬಾಬಾ ಅವರಿಗೆ ಮೂರು ಪತ್ರ ಬರೆದರು. ಉತ್ತರ ಬರಲಿಲ್ಲ. ಉಂಗುರ, ವಿಭೂತಿ ಬೇಡ, ಅಂಗೈಯಲ್ಲಿ ಅಡಗಿಸಲಾಗದ ಕುಂಬಳಕಾಯಿ ಸೃಷ್ಟಿಸಲಿ ಎಂಬ ಅವರ ಸವಾಲು ಊರೂರಿಗೂ ಹಬ್ಬಿತು. ಕುಂಬಳಕಾಯಿ ಎಂದಾಗ ಜನ ನಕ್ಕಿರಬಹುದು. ಅದರೊಳಗಿನ ತರ್ಕ ಮಾತ್ರ ಪ್ರಯೋಗಶಾಲೆಯದು. ಸೃಷ್ಟಿಸುವ ಶಕ್ತಿಗೆ ಗಾತ್ರದ ಮಿತಿ ಏಕಿರಬೇಕು? ಮಿತಿ ಇದ್ದರೆ ಅದು ಶಕ್ತಿಯ ಮಿತಿಯೋ, ತೋಳಿನ ಮಿತಿಯೋ? ಇಷ್ಟು ಸರಳವಾಗಿ, ಇಷ್ಟು ನಿಖರವಾಗಿ ಹಳ್ಳಿಯವರಿಗೂ ಅರ್ಥವಾಗುವ ಪ್ರಶ್ನೆಯನ್ನು ಕನ್ನಡದ ವಿಚಾರವಾದ ಆಮೇಲೆ ಕೇಳಿದ್ದು ಕಡಿಮೆ.

ಅದೇ ಸಮಿತಿಯ ತಂಡ ಪಾಂಡವಪುರಕ್ಕೆ ಹೋಯಿತು. ಅಲ್ಲಿ ಏಳು ವರ್ಷದ ಹುಡುಗನೊಬ್ಬ ವಿಭೂತಿ ಸೃಷ್ಟಿಸುತ್ತಾನೆಂದು ಜನ ಮುಗಿಬೀಳುತ್ತಿದ್ದರು. ಬಟ್ಟೆಯೊಳಗೆ ಅಡಗಿಸಿಟ್ಟಿದ್ದ ವಿಭೂತಿ ಸಿಕ್ಕಿತು; ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಈ ಪರಂಪರೆಯ ಅತ್ಯಂತ ಸ್ಪಷ್ಟವಾದ ಗೆಲುವು ಇದೇ. ನನ್ನನ್ನು ಹೆಚ್ಚು ಕಾಡುವ ಪ್ರಸಂಗವೂ ಇದೇ. ಏಳು ವರ್ಷದ ಮಗು ತಾನೇ ಪೊಟ್ಟಣ ಕಟ್ಟಿ, ತಾನೇ ಅಂಗಿಯೊಳಗೆ ಇಟ್ಟುಕೊಂಡು, ತಾನೇ ಸಾಲು ನಿಲ್ಲಿಸಿ ಕಾಣಿಕೆ ಪಡೆಯುವುದಿಲ್ಲ. ಅದರ ಸುತ್ತ ದೊಡ್ಡವರಿರುತ್ತಾರೆ, ಆ ದೊಡ್ಡವರಿಗೊಂದು ವ್ಯವಹಾರ ಇರುತ್ತದೆ. ಕಾಯಿಲೆಯ ಕಂದನನ್ನು ಎತ್ತಿಕೊಂಡು ಬಂದ ತಾಯಂದಿರೂ ಇರುತ್ತಾರೆ. ಆದರೆ ನಮ್ಮ ನೆನಪಿನಲ್ಲಿ ಉಳಿದದ್ದು ಆ ಅಂಗಿಯಷ್ಟೇ. ಮಗುವನ್ನು ದೇವರಾಗಿಸಿದವರು ಯಾರು, ಆ ಮಗುವಿನ ಪಾಡು ಮುಂದೇನು, ಅಲ್ಲಿಗೆ ಬಂದಿದ್ದ ತಾಯಂದಿರು ಆಮೇಲೆ ಎಲ್ಲಿಗೆ ಹೋದರು ಎಂಬುದು ಚರ್ಚೆಯ ನಡುವಿಗೆ ಬರಲೇ ಇಲ್ಲ. ಮುಂದಿನ ವರ್ಷ ನರಸಿಂಹಯ್ಯನವರ ಅವಧಿ ಮುಗಿಯಿತು, ಸಮಿತಿಯೂ ಅಲ್ಲಿಗೇ ನಿಂತಿತು. ಕೆಲಸ ಅರ್ಧಕ್ಕೆ ನಿಂತದ್ದು ಅವರ ತಪ್ಪಲ್ಲ. ಆ ಅರ್ಧವನ್ನೇ ಪೂರ್ತಿ ಎಂದುಕೊಂಡದ್ದು ಮುಂದೆ ಬಂದವರ ತಪ್ಪು.

ಮುಂದೆ ಬೆಳೆದದ್ದು ಪ್ರದರ್ಶನ. ಶ್ರೀಲಂಕಾದಲ್ಲಿ ನೆಲೆಸಿದ್ದ ಅಬ್ರಹಾಂ ಕೋವೂರ್ ಪವಾಡ ಮಾಡಿ ತೋರಿಸಿದವರಿಗೆ ಲಕ್ಷ ರೂಪಾಯಿ ಎಂದು ಸವಾಲು ಹಾಕಿ ದಕ್ಷಿಣ ಭಾರತವನ್ನೆಲ್ಲ ಸುತ್ತಿದ್ದರು, ಪೊದನೂರಿನ ಬಿ. ಪ್ರೇಮಾನಂದ್ ಆ ದಾರಿಯನ್ನು ಅಗಲ ಮಾಡಿದರು. ಮಂಗಳೂರಿನಲ್ಲಿ ನರೇಂದ್ರ ನಾಯಕ್, ಇತ್ತ ಹುಲಿಕಲ್ ನಟರಾಜ್ ಅದನ್ನು ಶಾಲೆಯ ಮೈದಾನಕ್ಕೂ ಊರ ಜಾತ್ರೆಗೂ ತಂದರು. ಬೂದಿಯನ್ನು ಗಂಜಿಯಲ್ಲಿ ಕಲಸಿ, ಗುಳಿಗೆ ಕಟ್ಟಿ ಒಣಗಿಸಿ, ಬೆರಳ ಸಂದಿಯಲ್ಲಿಟ್ಟು ಪುಡಿ ಮಾಡಿದರೆ ವಿಭೂತಿ ಸುರಿಯುತ್ತದೆ. ತುಪ್ಪದಂತೆ ಕಾಣುವ ಗ್ಲಿಸರಿನ್ನನ್ನು ಪೊಟ್ಯಾಸಿಯಂ ಪರ್ಮಾಂಗನೇಟಿನ ಮೇಲೆ ಹೊಯ್ದರೆ ಕಡ್ಡಿ ಗೀರದೆ ಹೋಮ ಹೊತ್ತಿಕೊಳ್ಳುತ್ತದೆ. ದಾಸವಾಳ ಉಜ್ಜಿದ ಚಾಕುವಿನಿಂದ ನಿಂಬೆಹಣ್ಣು ಕೊಯ್ದರೆ ‘ರಕ್ತ’ ಬರುತ್ತದೆ. ತೆಂಗಿನ ನಾರಿನಲ್ಲಿ ಸೋಡಿಯಂ ತುಣುಕು ಇಟ್ಟು ನೀರು ಚಿಮುಕಿಸಿದರೆ ಬೆಂಕಿ. ಕೆಂಡ ಹಾಯುವಾಗ ಪಾದ ಸುಡದಿರುವುದು ಕೆಂಡ ಶಾಖವನ್ನು ನಿಧಾನವಾಗಿ ದಾಟಿಸುವುದರಿಂದ, ಹೆಜ್ಜೆ ಚುರುಕಾಗಿ ಮುಂದೆ ಸಾಗುವುದರಿಂದ.

ಇವನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಮಾಟ ಮಾಡಿಸಿದ್ದಾರೆ ಎಂದು ನಿದ್ದೆಗೆಟ್ಟ ಮನೆಗೆ ನಿಂಬೆಹಣ್ಣಿನ ರಕ್ತದ ಗುಟ್ಟು ಗೊತ್ತಾದರೆ ಅದು ನಿಜವಾದ ಬಿಡುಗಡೆ. ಬಾಗಿಲ ಮುಂದೆ ಬಿದ್ದ ಕುಂಕುಮ, ಮೊಳೆ ಹೊಡೆದ ಬೊಂಬೆ ನೋಡಿ ನಡುಗುವ ಮಕ್ಕಳ ಭಯ ಬಿಡಿಸಿದ ಕೀರ್ತಿ ಈ ಪ್ರದರ್ಶನಗಳಿಗೆ ಸಲ್ಲಬೇಕು. ಆದರೂ ಪ್ರದರ್ಶನಕ್ಕೆ ಅದರದೇ ಮಿತಿಯೊಂದಿದೆ. ವೇದಿಕೆಯಲ್ಲಿ ಗೆಲ್ಲುವುದು ಪ್ರಶ್ನೆಯಲ್ಲ, ಚಮತ್ಕಾರ. ಮಕ್ಕಳು ಚಪ್ಪಾಳೆ ತಟ್ಟುವುದು ಕಾರಣ ತಿಳಿದದ್ದಕ್ಕೋ, ಬೆಂಕಿ ಹೊತ್ತಿಕೊಂಡದ್ದಕ್ಕೋ ಹೇಳುವುದು ಕಷ್ಟ. ನಾಳೆ ಬೇರೆ ಗುಟ್ಟಿನ ಬೇರೆ ಬಾಬಾ ಬಂದರೆ, ಉತ್ತರ ಕಲಿತ ಮಗು ಸುಮ್ಮನಾಗುತ್ತದೆ. ಪ್ರಶ್ನೆ ಕಲಿತ ಮಗು ಮಾತ್ರ ಕೈಯೆತ್ತುತ್ತದೆ.

ಮೋಸಗಾರನ ಕೈ ಹಿಡಿಯುವುದೇ ಗುರಿಯಾದಾಗ ಮೋಸಗಾರನೇ ಇಲ್ಲದ ಕಡೆ ಈ ಪರಂಪರೆ ಮಾತು ಮರೆಯುತ್ತದೆ. 2023ರ ಜುಲೈನಲ್ಲಿ ತುಮಕೂರು ತಾಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಬಾಣಂತಿಯನ್ನು ಸೂತಕವೆಂದು ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇರಿಸಿದ್ದರು. ಮಳೆ, ಚಳಿ. ಕೂಸು ತೀರಿಕೊಂಡಿತು. ಅಲ್ಲಿ ವಿಭೂತಿ ಸೃಷ್ಟಿಸಿದವರಿಲ್ಲ, ದುಡ್ಡು ಹೊಡೆದವರಿಲ್ಲ, ಬಯಲು ಮಾಡಲು ಗುಟ್ಟೂ ಇಲ್ಲ. ಹಟ್ಟಿಯ ದೇವರಿಗೆ ಮೈಲಿಗೆಯಾದೀತೆಂಬ ಹೆದರಿಕೆ ಮಾತ್ರ. ಶಿರಾ ಸೀಮೆಯ ಕಾಡುಗೊಲ್ಲರ ಜುಂಜಪ್ಪನ ಕಾವ್ಯ, ಅದಕ್ಕೆ ಜೊತೆಯಾಗುವ ಗಣೆ ಎಂಬ ಕೊಳಲಿನ ನಾದ ನಮ್ಮ ನಾಡಿನ ಸಂಪತ್ತು. ಆ ಸಂಪತ್ತನ್ನು ತಲೆಯ ಮೇಲೆ ಹೊತ್ತುಕೊಂಡೇ ಈ ಗುಡಿಸಲನ್ನು ಕೀಳಿಸಬೇಕು. ಗ್ಲಿಸರಿನ್ನಿನ ಬಾಟಲಿ ಅದಕ್ಕೆ ನೆರವಾಗದು.

ಈ ಇಕ್ಕಟ್ಟು 1986ರಲ್ಲಿಯೇ ಶಿವಮೊಗ್ಗ ಜಿಲ್ಲೆಯ ಚಂದ್ರಗುತ್ತಿಯಲ್ಲಿ ಎದುರಾಗಿತ್ತು. ಬೆತ್ತಲೆ ಸೇವೆ ತಡೆಯಲು ಹೋದ ಕಾರ್ಯಕರ್ತರ ಮೇಲೂ ಪೊಲೀಸರ ಮೇಲೂ ಭಕ್ತರು ತಿರುಗಿಬಿದ್ದರು. ಆ ಹಿನ್ನೆಲೆಯಲ್ಲಿ ಯು.ಆರ್. ಅನಂತಮೂರ್ತಿ ಒಂದು ಪ್ರಬಂಧ ಬರೆದು, ವಿಚಾರವಾದಿಯ ಆತ್ಮವಿಶ್ವಾಸವನ್ನೇ ಪ್ರಶ್ನಿಸಿದರು: ಕಲ್ಲಿಗೆ ಕುಂಕುಮ ಹಚ್ಚಿ ದೇವರೆನ್ನುವ ರೈತನ ಲೋಕ ನಮಗೆ ಅರ್ಥವಾಗಿದೆಯೇ? ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ಚಂದ್ರಗುತ್ತಿಯಲ್ಲಿ ತಡೆಯಲು ಮುಂದೆ ನಿಂತದ್ದು ದಲಿತ ಸಂಘರ್ಷ ಸಮಿತಿ. ಅದರ ಸ್ಥಾಪಕ ಬಿ. ಕೃಷ್ಣಪ್ಪ ಮತ್ತು ಅವರ ಸಂಗಾತಿಗಳಿಗೆ ಅದು ನಂಬಿಕೆಯ ಸೌಂದರ್ಯದ ಚರ್ಚೆಯಾಗಿರಲಿಲ್ಲ; ಯಾರ ಮೈ ಬೆತ್ತಲಾಗುತ್ತಿದೆ, ಯಾವ ಜಾತಿಯ ಹೆಣ್ಣು ಎಂಬುದಾಗಿತ್ತು. ನನ್ನ ಮಟ್ಟಿಗೆ ಅನಂತಮೂರ್ತಿಯವರ ಸೂಕ್ಷ್ಮಕ್ಕಿಂತ ಕೃಷ್ಣಪ್ಪನವರ ಪ್ರಶ್ನೆಯ ತೂಕ ಹೆಚ್ಚು. ಭೌತವಿಜ್ಞಾನದ ಕಡೆಯಿಂದ ಬಂದ ವಿಚಾರವಾದವೂ ಜಾತಿಯ ನೋವಿನ ಕಡೆಯಿಂದ ಬಂದ ವಿಚಾರವಾದವೂ ಕೂಡಿ ನಡೆದಿದ್ದರೆ ನಮ್ಮ ಕಥೆ ಬೇರೆಯಾಗುತ್ತಿತ್ತು. 2017ರ ಮೌಢ್ಯ ನಿಷೇಧ ಕಾಯ್ದೆಯಲ್ಲಿ ಈ ಎರಡೂ ಒಂದಿಷ್ಟು ಕೂಡಿವೆ. ಮುಟ್ಟಾದವರನ್ನೂ ಬಸುರಿಯರನ್ನೂ ಊರ ಹೊರಗಿಡುವುದು ಅಲ್ಲಿ ಅಪರಾಧ. 2020ರಲ್ಲಿ ಅದು ಜಾರಿಗೆ ಬಂತು. ಅದರ ಹಿಂದೆ ರಕ್ತವೂ ಇದೆ: ವಿಚಾರವಾದಿಗಳಾದ ನರೇಂದ್ರ ದಾಭೋಲ್ಕರ್ 2013ರಲ್ಲಿ ಪುಣೆಯಲ್ಲಿ, ಎಂ.ಎಂ. ಕಲಬುರ್ಗಿ 2015ರಲ್ಲಿ ಧಾರವಾಡದಲ್ಲಿ ಕೊಲೆಯಾದರು.

ಪುಟ್ಟಪರ್ತಿಗೆ ಬರೆದ ಪತ್ರಗಳು ಭಕ್ತರ ಸಂಖ್ಯೆಯನ್ನು ಏಕೆ ಕುಗ್ಗಿಸಲಿಲ್ಲ ಎಂಬುದನ್ನೂ ಈ ಪರಂಪರೆ ಪ್ರಾಮಾಣಿಕವಾಗಿ ಕೇಳಿಕೊಂಡಿಲ್ಲ. ತೊಂಬತ್ತರ ದಶಕದಲ್ಲಿ ಸತ್ಯಸಾಯಿ ಟ್ರಸ್ಟ್ ಅನಂತಪುರ ಜಿಲ್ಲೆಯ ಏಳುನೂರಕ್ಕೂ ಹೆಚ್ಚು ಹಳ್ಳಿಗಳಿಗೆ ಕುಡಿಯುವ ನೀರಿನ ಯೋಜನೆ ಮಾಡಿತು. ಪುಟ್ಟಪರ್ತಿಯಲ್ಲಿಯೂ ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿಯೂ ಹಣ ಕೇಳದ ಆಸ್ಪತ್ರೆಗಳನ್ನು ಕಟ್ಟಿತು. ಅದೇ ನೆಲದ ಅಂಚಿನ ಪಾವಗಡದಲ್ಲಿ ಬೋರ್‌ವೆಲ್ ನೀರಿನ ಫ್ಲೋರೈಡ್ ಕುಡಿದು ಹಲ್ಲು ಕಂದಿದವರು, ಮಂಡಿ ಮಡಚಲಾಗದವರು ತಲೆಮಾರುಗಳಿಂದ ಇದ್ದಾರೆ. ನೀರು ಕೊಟ್ಟದ್ದರಿಂದ ವಿಭೂತಿಯ ಪ್ರಶ್ನೆಗೆ ಉತ್ತರ ಸಿಕ್ಕಂತಾಗಲಿಲ್ಲ. ನರಸಿಂಹಯ್ಯನವರ ಪತ್ರಗಳು ಇಂದಿಗೂ ಉತ್ತರಕ್ಕೆ ಕಾಯುತ್ತಿವೆ. ಆದರೆ ಸರ್ಕಾರ ತಲುಪದ ಮನೆಗೆ ಕೊಳಾಯಿ ತಲುಪಿಸಿದವರನ್ನು ಆ ಮನೆಯವರು ಕೈಚಳಕದ ತಕ್ಕಡಿಯಲ್ಲಿ ತೂಗುವುದಿಲ್ಲ. ಇದನ್ನು ಅವರ ದಡ್ಡತನ ಎಂದು ಬಗೆದದ್ದೇ ವಿಚಾರವಾದಿಗಳ ದೊಡ್ಡ ಸೋಲು.

ಜಗತ್ತಿನ ವೈಜ್ಞಾನಿಕ ಕಾದಂಬರಿಕಾರರು ಸುಳ್ಳು ಗುರುವಿನ ಈ ಒಳಗುಟ್ಟನ್ನು ನಮಗಿಂತ ಮೊದಲೇ ಹಿಡಿದಿದ್ದರು. ಐಸಾಕ್ ಅಸಿಮೋವ್ 1951ರ ‘ಫೌಂಡೇಶನ್’ನಲ್ಲಿ ಪರಮಾಣು ಯಂತ್ರಗಳನ್ನೇ ದೇವಸ್ಥಾನದೊಳಗಿಟ್ಟ ಒಂದು ಮತವನ್ನು ಕಲ್ಪಿಸಿದ. ಅಲ್ಲಿನ ಅರ್ಚಕರು ಯಂತ್ರ ನಡೆಸಬಲ್ಲರು, ಆದರೆ ಅದು ನಡೆಯುವ ಬಗೆ ಅರಿಯರು. ಅರ್ಚಕ ಶಪಿಸಿದೊಡನೆ ಯುದ್ಧನೌಕೆಯ ದೀಪಗಳು ಆರುತ್ತವೆ, ಸೈನಿಕರು ಮೊಣಕಾಲೂರುತ್ತಾರೆ. ಮೋಸ ನಡೆದಿದೆ, ಆದರೆ ಮೋಸದ ಕೈಯಾದವನಿಗೇ ಅದು ತಿಳಿಯದು. ಪಾಂಡವಪುರದ ಮಗುವಿಗೆ ಎಷ್ಟು ತಿಳಿದಿತ್ತೆಂಬುದನ್ನೂ ಯಾರು ಹೇಳಬಲ್ಲರು? ಫ್ರಾಂಕ್ ಹರ್ಬರ್ಟ್ 1965ರ ‘ಡ್ಯೂನ್’ನಲ್ಲಿ ಇನ್ನೂ ಆಳಕ್ಕಿಳಿದ. ನೀರಿಲ್ಲದ ಮರಳುಗಾಡಿನ ಜನರ ನಡುವೆ, ರಕ್ಷಕನೊಬ್ಬ ಬರುತ್ತಾನೆಂಬ ಕಥೆಯನ್ನು ಹೊರಗಿನವರು ತಲೆಮಾರುಗಳ ಹಿಂದೆಯೇ ಬಿತ್ತಿ ಹೋಗಿರುತ್ತಾರೆ. ಆಮೇಲೆ ಬಂದವನು ಪವಾಡ ಮಾಡಬೇಕಾದ ಅಗತ್ಯವೇ ಇಲ್ಲ, ಬಂದು ನಿಂತರೆ ಸಾಕು. ಬಾಯಾರಿಕೆ ಇರುವಲ್ಲಿ ಬೀಜ ಬೇಗ ಮೊಳೆಯುತ್ತದೆ ಎಂಬುದನ್ನು ಪಾವಗಡದ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಇಂದಿನ ಸುಳ್ಳು ಗುರು ಅಸಿಮೋವನ ಅರ್ಚಕನ ಹಾದಿಯಲ್ಲಿದ್ದಾನೆ. ಅವನ ಬಾಯಲ್ಲಿ ಎನರ್ಜಿ, ವೈಬ್ರೇಶನ್, ಕ್ವಾಂಟಮ್ ಎಂಬ ಪದಗಳು. ನಾಸಾ ಒಪ್ಪಿಕೊಂಡಿದೆ ಎಂಬ ವಾಟ್ಸಾಪ್ ಸಂದೇಶ ಅವನ ತಾಳೆಗರಿ. ಅವನ ತೋಳಿನಲ್ಲಿ ಪೊಟ್ಟಣ ಇಲ್ಲ, ಹಾಗಾಗಿ ಅಂಗಿ ಬಿಚ್ಚಿಸಿ ಪ್ರಯೋಜನವಿಲ್ಲ. ಬೂದಿಯ ಗುಳಿಗೆ ಕಟ್ಟುವುದನ್ನು ಕಲಿತ ಪರಂಪರೆಗೆ ಇಲ್ಲಿ ಹಿಡಿಯಲು ಏನೂ ಸಿಗದು. ಹೇಗೆ ಗೊತ್ತಾಯಿತು, ಯಾರು ಅಳೆದರು, ತಪ್ಪಿದ ಸಲ ಏನಾಯಿತು ಎಂಬ ನರಸಿಂಹಯ್ಯನವರ ಹಳೆಯ ಕೇಳ್ವಿಯೇ ಇಲ್ಲಿ ಬೇಕಾದದ್ದು.

ಅದನ್ನು ಇಲ್ಲೇ, ನಮ್ಮ ತಾಲೂಕುಗಳಲ್ಲೇ ಶುರು ಮಾಡಬಹುದಾದ ಜಾಗ ಒಂದಿದೆ. ಬೋರ್ ಕೊರೆಸುವ ಮೊದಲು ರೈತರು ಪಾಯಿಂಟ್ ಮಾಡಿಸುತ್ತಾರೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು, ಇಲ್ಲವೇ ಕವಲು ಕಡ್ಡಿ ಹಿಡಿದು ಹೊಲದಲ್ಲಿ ನಡೆಯುವವರು, ಕಾಯಿ ಎದ್ದು ನಿಂತಲ್ಲಿ ನೀರಿದೆ ಎನ್ನುತ್ತಾರೆ. ಅವರಲ್ಲಿ ಅನೇಕರು ತಮ್ಮ ವಿದ್ಯೆಯನ್ನು ತಾವೇ ಮನಸಾರೆ ನಂಬಿದವರು. ಅವರನ್ನು ವಂಚಕರೆಂದು ಕರೆಯುವುದು ಅನ್ಯಾಯ, ಪರೀಕ್ಷಿಸದೆ ಬಿಡುವುದೂ ಅನ್ಯಾಯ, ಏಕೆಂದರೆ ತಪ್ಪಿದ ಪಾಯಿಂಟಿನ ಸಾಲ ರೈತನ ಹೆಗಲಿಗೆ ಬೀಳುತ್ತದೆ. ನೀರು ಸಿಕ್ಕ ಬೋರಿನ ಕಥೆ ಊರೆಲ್ಲ ಸುತ್ತುತ್ತದೆ, ಒಣ ಬೋರಿನ ಕಥೆ ಮನೆಯೊಳಗೇ ಉಳಿಯುತ್ತದೆ. ಗ್ರಾಮ ಪಂಚಾಯಿತಿಯೊಂದು ಮನಸ್ಸು ಮಾಡಿ ದಾಖಲೆ ಪುಸ್ತಕ ಇಡಲಿ: ಯಾರ ಹೊಲ, ಪಾಯಿಂಟ್ ಯಾರದು, ಭೂವಿಜ್ಞಾನಿ ಬಂದಿದ್ದರೇ, ಎಷ್ಟು ಅಡಿ ಕೊರೆದರು, ನೀರು ಎಷ್ಟು ಇಂಚು, ಫ್ಲೋರೈಡ್ ಎಷ್ಟು, ಆರು ತಿಂಗಳ ಮೇಲೆ ಉಳಿಯಿತೇ. ತೆಂಗಿನಕಾಯಿಯವರ ಪಾಯಿಂಟು, ಭೂವಿಜ್ಞಾನಿಯ ಪಾಯಿಂಟು, ರೈತ ತಾನೇ ಅಂದಾಜಿಗೆ ತೋರಿಸಿದ ಪಾಯಿಂಟು ಎಲ್ಲವೂ ಒಂದೇ ಸಾಲಿನಲ್ಲಿ. ಲೆಕ್ಕ ಬರೆಯುವ ಕೆಲಸ ಹೈಸ್ಕೂಲು ಮಕ್ಕಳದ್ದಾಗಲಿ, ಪುಸ್ತಕ ಪಂಚಾಯಿತಿ ಕಚೇರಿಯಲ್ಲಿ ಯಾರು ಬೇಕಾದರೂ ತೆರೆದು ನೋಡುವಂತಿರಲಿ, ಮುಂದಿನ ಬೋರಿಗೆ ಸಾಲ ಮಾಡುವ ಮುನ್ನ ರೈತರು ಅದರ ಪುಟ ತಿರುವಲಿ.