ಕರೆಂಟಿನ ಗದ್ದಲ ಕಳೆಯುವ ಪೆಟ್ಟಿಗೆ

ಮನೆಗೆ ಬರುವ ಕರೆಂಟು 230 ವೋಲ್ಟ್, 50 ಹರ್ಟ್ಸ್ ಎಂಬುದು ಲೆಕ್ಕ. ಬೆಂಗಳೂರಿನ ರಾಜಾಜಿನಗರದಂಥ ಕಡೆ ವರ್ಕ್‌ಶಾಪಿನ ಯಂತ್ರ, ನೆರೆಮನೆಯ ಪಂಪು, ಎಲ್‌ಇಡಿ ದೀಪಗಳ ಗದ್ದಲವೂ ಅದೇ ತಂತಿಯಲ್ಲಿ ಬರುತ್ತದೆ. ಸಂಗೀತ ಕೇಳುವ ಆಂಪ್ಲಿಫೈಯರಿಗೆ ತಲುಪುವ ಮೊದಲೇ ಅದನ್ನು ತಗ್ಗಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ನನಗೆ ಬಲು ಮೆಚ್ಚು. ಎರಡು ತಾಮ್ರದ ಸುರುಳಿ. ನಡುವೆ ತಂತಿಯ ನಂಟಿಲ್ಲ, ಕಾಂತಕ್ಷೇತ್ರವೇ ಸೇತುವೆ. ಸುರುಳಿಗಳ ನಡುವಿನ ತಾಮ್ರದ ತಗಡು ಗದ್ದಲವನ್ನು ನೆಲಕ್ಕಿಳಿಸುತ್ತದೆ.

ಕೊಳ್ಳುವ ಮೊದಲು ಮನೆಯ ಅರ್ಥಿಂಗ್ ಪರೀಕ್ಷಿಸಿ. ಪೆಟ್ಟಿಗೆಯ ವಿಎ (ವೋಲ್ಟ್-ಆಂಪಿಯರ್) ಸಾಮರ್ಥ್ಯ ಆಂಪ್ಲಿಫೈಯರಿನ ಗರಿಷ್ಠ ಬೇಡಿಕೆಯ ಎರಡು ಪಟ್ಟು ಇರಲಿ. ಕಡಿಮೆಯಾದರೆ ಮೃದಂಗದ ಪೆಟ್ಟು ಮಂಕಾಗಬಹುದು. ವೋಲ್ಟೇಜೇ ಏರಿಳಿಯುತ್ತಿದ್ದರೆ ಇದು ಸಾಲದು, ಸರ್ವೊ ಸ್ಟೆಬಿಲೈಸರ್ ಬೇಕು. ಪೆಟ್ಟಿಗೆಗೆ ಕಿವಿಗೊಟ್ಟು ನೋಡಿ: ತಾನೇ ಗುಂಯ್‌ಗುಡುವುದು ಬೇಡ. ಹಣ ಹೊಳೆಯುವ ಮುಖಫಲಕಕ್ಕಲ್ಲ, ಅಚ್ಚುಕಟ್ಟಾಗಿ ಸುತ್ತಿದ ತಾಮ್ರಕ್ಕೆ ಸಲ್ಲಬೇಕು. ಆ ಕೈಕೆಲಸ ಗೌರವಕ್ಕೆ ಅರ್ಹ.