‘ಉಸಿರುಗಟ್ಟು’ — ವಾಚ್ಯಾರ್ಥ ಮತ್ತು ಲಕ್ಷ್ಯಾರ್ಥ

ಪ್ರಾಣಲಿಂಗಿಸ್ಥಲವನ್ನು ವಿವರಿಸುವ ಕೆಲವು ಟಿಪ್ಪಣಿಗಳಲ್ಲಿ ‘ಉಸಿರನ್ನು ಕಟ್ಟಿದವನೇ ಪ್ರಾಣಲಿಂಗಿ’ ಎಂಬ ಧಾಟಿಯ ಮಾತು ಕಾಣಸಿಗುತ್ತದೆ. ವಿದ್ಯಾರ್ಥಿಗಳು ಅದನ್ನೇ ಕಂಠಪಾಠ ಮಾಡುತ್ತಾರೆ. ಈ ಅರ್ಥ ಸಾಧುವೇ ಎಂಬುದನ್ನು ಪದದ ಬುಡದಿಂದಲೇ ವಿಚಾರಿಸಬೇಕು.

‘ಉಸಿರು’ ಹಳಗನ್ನಡದಲ್ಲಿ ನಾಮಪದವೂ ಹೌದು, ‘ನುಡಿ, ಹೇಳು’ ಎಂಬರ್ಥದ ಧಾತುವೂ ಹೌದು. ‘ಉಸಿರೆತ್ತಬೇಡ’ ಎಂದಾಗ ನಾವು ತಡೆಯುವುದು ಮಾತನ್ನು, ಶ್ವಾಸವನ್ನಲ್ಲ. ಇನ್ನು ‘ಕಟ್ಟು’ ಎಂಬುದು ಸಕರ್ಮಕವಾಗಿಯೂ ಅಕರ್ಮಕವಾಗಿಯೂ ನಡೆಯುವ ಧಾತು: ‘ಮನೆ ಕಟ್ಟಿದನು’ ಎನ್ನುತ್ತೇವೆ, ‘ಮೂಗು ಕಟ್ಟಿತು’ ಎಂದೂ ಎನ್ನುತ್ತೇವೆ. ಇವೆರಡೂ ಕೂಡಿ ಆದೇಶಸಂಧಿಯಿಂದ ‘ಉಸಿರುಗಟ್ಟು’ ಆದಾಗ ವಿಭಕ್ತಿ ಮರೆಯಾಗುತ್ತದೆ. ಉಸಿರನ್ನು ತಾನೇ ಕಟ್ಟಿದನೋ, ಉಸಿರು ತಾನಾಗಿ ಕಟ್ಟಿತೋ, ಪದ ಹೇಳುವುದಿಲ್ಲ. ‘ಕಣ್ಮುಚ್ಚು’ ಎಂಬುದಕ್ಕೂ ಇದೇ ಗತಿ. ಧ್ಯಾನಕ್ಕೂ ಅದೇ, ಮರಣಕ್ಕೂ ಅದೇ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಆಡುನುಡಿ ಇಲ್ಲಿ ಹೆಚ್ಚು ಜಾಗರೂಕವಾಗಿದೆ. ಓಡಿ ದಣಿದವನು ‘ತೇಕುತ್ತಾನೆ’. ದಿನ್ನೆ ಏರಿದವನಿಗೆ ‘ದಮ್ಮು ಹತ್ತುತ್ತದೆ’. ಧೈರ್ಯವಿಲ್ಲದವನಿಗೆ ‘ದಮ್ಮಿಲ್ಲ’. ಈ ದಮ್ಮು ಪಾರಸಿ ಮೂಲದ್ದು, ಶ್ವಾಸವೆಂದೇ ಅದರ ಅರ್ಥ. ‘ಶಮದಮ’ದ ಸಂಸ್ಕೃತ ‘ದಮ’ಕ್ಕೂ ಇದಕ್ಕೂ ಗಂಟು ಹಾಕುವ ಉತ್ಸಾಹಿಗಳನ್ನು ಬಲ್ಲೆ, ಅದು ಕೇವಲ ಧ್ವನಿಸಾಮ್ಯ.

ಮುಧೋಳದ ರನ್ನನ ‘ಗದಾಯುದ್ಧ’ವನ್ನು ಇಲ್ಲಿ ನೆನೆಯಬೇಕು. ದುರ್ಯೋಧನನು ಜಲಸ್ತಂಭ ಮಂತ್ರಬಲದಿಂದ ವೈಶಂಪಾಯನ ಸರೋವರದಲ್ಲಿ ಅಡಗಿದ್ದಾನೆ. ದಡದಿಂದ ಭೀಮನ ಗರ್ಜನೆ ಕೇಳಿ ನೀರೊಳಗಿದ್ದೂ ಬೆವರುತ್ತಾನೆ. ಇದನ್ನು ಬರಿಯ ಅತಿಶಯೋಕ್ತಿಯೆಂದು ಕೈಬಿಡುವುದು ನನಗೆ ಸಮ್ಮತವಲ್ಲ. ಸ್ತಂಭನವು ಇಚ್ಛೆಯ ಕಾರ್ಯ, ಬೆವರು ಇಚ್ಛೆಯನ್ನು ಮೀರಿದ್ದು. ತಾನು ಕಟ್ಟಿದ್ದು ಮತ್ತು ತಾನಾಗಿ ಕಟ್ಟಿಕೊಂಡದ್ದು, ಎರಡನ್ನೂ ಕವಿ ಒಂದೇ ದೇಹದಲ್ಲಿ ಎದುರುಬದುರು ನಿಲ್ಲಿಸಿದ್ದಾನೆ. ಮಂತ್ರ ನೀರನ್ನು ಗೆದ್ದಿತು, ರೋಷವನ್ನು ಗೆಲ್ಲಲಿಲ್ಲ.

ಇಚ್ಛಾಬಲದ ಈ ಮಿತಿಯನ್ನೇ ಶೂನ್ಯಸಂಪಾದನೆಯ ಗೋರಕ್ಷ ಪ್ರಸಂಗ ಇನ್ನೊಂದು ನೆಲೆಯಲ್ಲಿ ತೋರಿಸುತ್ತದೆ. ಯೋಗದಿಂದ ಕಾಯಸಿದ್ಧಿ ಪಡೆದ ಗೋರಕ್ಷನ ದೇಹಕ್ಕೆ ಖಡ್ಗ ತಾಗಿದರೆ ಖಣಿಲೆನ್ನುತ್ತದೆ. ಅಲ್ಲಮಪ್ರಭುವಿನ ದೇಹದಲ್ಲಿ ಅದೇ ಖಡ್ಗ ಬಯಲಲ್ಲಿ ಹಾಯ್ದಂತೆ ಹಾಯುತ್ತದೆ. ಪ್ರಾಣಲಿಂಗಿಯನ್ನು ‘ಉಸಿರು ಕಟ್ಟಿದವನು’ ಎಂದು ವಾಚ್ಯಾರ್ಥದಲ್ಲಿ ಹಿಡಿದರೆ ಗೋರಕ್ಷನೇ ಗೆದ್ದಂತಾಯಿತು! ಷಟ್‌ಸ್ಥಲದಲ್ಲಿ ನಾಲ್ಕನೆಯದಾದ ಈ ಸ್ಥಲದಲ್ಲಿ ಉಸಿರು ನಿಲ್ಲುವುದಿಲ್ಲ; ‘ನನ್ನದು’ ಎಂಬ ಒಡೆತನ ಮಾತ್ರ ನಿಲ್ಲುತ್ತದೆ. ಕುಂಭಕದಲ್ಲಿ ತಡೆಯುವವನೊಬ್ಬ ಉಳಿದೇ ಇರುತ್ತಾನೆ. ಇಲ್ಲಿ ಅವನೂ ಉಳಿಯುವುದಿಲ್ಲ. ನಮ್ಮ ಹಿರಿಯರು ತೀರಿಕೊಂಡಾಗ ‘ಉಸಿರು ನಿಂತಿತು’ ಎನ್ನದೆ ‘ಲಿಂಗೈಕ್ಯರಾದರು’ ಎನ್ನುವಲ್ಲಿ ಈ ಭೇದದ ಅರಿವಿದೆ.

ಆದ್ದರಿಂದ ಟಿಪ್ಪಣಿಕಾರರು ಈ ಸ್ಥಲಕ್ಕೆ ‘ಕಟ್ಟು’ ಧಾತುವನ್ನು ಬಿಟ್ಟು ‘ಬೆರೆ’ ಅಥವಾ ‘ಅಡಗು’ ಧಾತುವನ್ನು ಬಳಸುವುದು ಲೇಸು. ಅವೆರಡರಲ್ಲಿ ‘ಅಡಗು’ ಎಂಬುದಕ್ಕೆ ಬಚ್ಚಿಟ್ಟುಕೊಳ್ಳುವ ಅರ್ಥವೂ ಇರುವುದರಿಂದ ನನ್ನ ಒಲವು ‘ಬೆರೆ’ಯ ಕಡೆಗೆ.