ಕತ್ತರಿಗಿಂತ ಮೊದಲು ಕಲ್ಲು

ಸಾಕಿದ ಕೋಳಿಯ ಕೊಕ್ಕು ಬೆಳೆದು ಬಾಗಿತೆಂದರೆ ಉಗುರು ಕಟರ್ ಹುಡುಕುವುದು ಈಗ ಪೇಟೆಯ ರೂಢಿ. ಮಾಳಿಗೆಯ ಮೇಲೆ ನಾಲ್ಕಾರು ಜವಾರಿ ಕೋಳಿ ಸಾಕುವವರು ಹೀಗೆ ಮಾಡುವುದು ಪ್ರೀತಿಯಿಂದಲೇ, ಅದರಲ್ಲಿ ಅನುಮಾನವಿಲ್ಲ. ನನ್ನ ತಕರಾರು ಇಷ್ಟೇ: ಬೆಳೆದದ್ದನ್ನು ಕತ್ತರಿಸುತ್ತೇವೆ, ಯಾಕೆ ಬೆಳೆಯಿತು ಎಂದು ಕೇಳುವುದಿಲ್ಲ.

ವಿಜಯಪುರದ ಪಕ್ಕದ ತೊರವಿ ಎಂದರೆ ನಮಗೆ ನರಸಿಂಹನ ಗುಡಿ, ಕುಮಾರ ವಾಲ್ಮೀಕಿಯ ರಾಮಾಯಣ, ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ಕಟ್ಟಿಸತೊಡಗಿದ ನವರಸಪುರದ ಅವಶೇಷ, ಈಚೆಗೆ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ. ಕೋಳಿಗೆ ಇದಾವುದೂ ಲೆಕ್ಕಕ್ಕಿಲ್ಲ. ಅದಕ್ಕೆ ಬೇಕಾದದ್ದು ಇಲ್ಲಿನ ನೆಲ. ಕರಿಕಲ್ಲಿನ ಚೂರು, ಗರಸು, ಬೇಸಿಗೆಯಲ್ಲಿ ಬಿರಿದು ಗಟ್ಟಿಯಾಗುವ ಎರೆಮಣ್ಣು. ಹಿತ್ತಲಿನ ಕೋಳಿ ದಿನವಿಡೀ ಇದನ್ನು ಕುಕ್ಕುತ್ತದೆ, ತಿಪ್ಪೆ ಕೆದರುತ್ತದೆ, ತಿಂದಾದ ಮೇಲೆ ಕೊಕ್ಕಿನ ಎರಡೂ ಮಗ್ಗಲನ್ನು ಕಲ್ಲಿಗೆ ಒರೆಸುತ್ತದೆ. ಆ ಒರೆಸುವಿಕೆಯೇ ಅದರ ಅರ. ಕೊಕ್ಕಿನ ಹೊರಪದರು ನಮ್ಮ ಉಗುರಿನಂತೆ ಕೆರಾಟಿನ್ ಎಂಬ ವಸ್ತುವಿನದು. ಜೀವವಿರುವತನಕ ಬೆಳೆಯುತ್ತಲೇ ಇರುತ್ತದೆ. ಸವೆತ ನಿಂತರೆ ಬೆಳವಣಿಗೆ ಎದ್ದು ಕಾಣುತ್ತದೆ.

ಅದೇ ಕೋಳಿಯನ್ನು ನುಣುಪು ಟೈಲ್ಸಿನ ಮಾಳಿಗೆಗೆ ಏರಿಸಿ, ನೆನೆಸಿದ ಅನ್ನವನ್ನೋ ಮೆತ್ತನೆಯ ಮುದ್ದೆಯನ್ನೋ ಆಳದ ಬಟ್ಟಲಲ್ಲಿ ಇಟ್ಟರೆ ಕೊಕ್ಕಿಗೆ ಕೆಲಸವೇ ಇಲ್ಲ. ಮೇಲ್ಕೊಕ್ಕು ಕೆಳಗಿನದಕ್ಕಿಂತ ತುಸು ಮುಂದಿರುವುದು ಸಹಜ. ಅದು ಕೊಕ್ಕೆಯಾಗಿ ಇಳಿದಾಗ ಕೋಳಿಯ ತೊಂದರೆ ಗೊತ್ತಾಗಬೇಕಾದರೆ ಸಮತಟ್ಟು ನೆಲದ ಮೇಲೆ ನಾಲ್ಕು ಕಾಳು ಜೋಳ ಚೆಲ್ಲಿ ನೋಡಿ. ತಲೆ ಬಗ್ಗಿಸುತ್ತದೆ, ಗುರಿ ಸರಿಯಾಗಿಯೇ ಇಡುತ್ತದೆ, ಆದರೆ ತುದಿ ಮೊದಲು ನೆಲಕ್ಕೆ ತಾಗಿ ಕಾಳು ಜಾರುತ್ತದೆ. ಕೊನೆಗೆ ತಲೆ ಓರೆ ಮಾಡಿ ಗೋರಲು ನೋಡುತ್ತದೆ. ಇನ್ನೊಂದು ಗುರುತು ಬಾಲದ ಬುಡದಲ್ಲಿದೆ. ಕೊಕ್ಕು ಕೋಳಿಗೆ ಬಾಚಣಿಗೆಯೂ ಹೌದು. ಅದು ಕೆಟ್ಟರೆ ಹೇನು ಹೆಕ್ಕುವುದು ನಿಲ್ಲುತ್ತದೆ. ಗುದದ ಸುತ್ತಲಿನ ಪುಕ್ಕ ಸರಿಸಿದರೆ ಬುಡಕ್ಕೆ ಹೇನಿನ ತತ್ತಿ ಗೊಂಚಲು ಕಟ್ಟಿರುತ್ತದೆ.

ಕೊಕ್ಕು ಕತ್ತರಿಸುವ ಧೈರ್ಯ ನಮಗೆ ಬಂದದ್ದಕ್ಕೆ ಫಾರ್ಮುಗಳೂ ಕಾರಣ. ಅಲ್ಲಿ ಇಕ್ಕಟ್ಟಿನಲ್ಲಿ ಒಂದನ್ನೊಂದು ಕುಕ್ಕಿ ಸಾಯಿಸಬಾರದೆಂದು ಮರಿ ಏಳೆಂಟು ದಿನದ್ದಿರುವಾಗಲೇ ಕಾದ ಬ್ಲೇಡಿನಿಂದ ಕೊಕ್ಕು ಮೊಟಕು ಮಾಡುತ್ತಾರೆ. ಕೊಕ್ಕಿನೊಳಗೆ ಎಲುಬಿದೆ, ರಕ್ತವಿದೆ, ನರದ ಜಾಲವಿದೆ. ಆಳವಾಗಿ ಕತ್ತರಿಸಿದ ಕಡೆ ನರತುದಿಗಳು ಗಂಟುಗಟ್ಟುವುದನ್ನು, ಅದು ದೀರ್ಘಕಾಲದ ನೋವಿನ ಸೂಚನೆ ಎಂಬುದನ್ನು 1980ರ ದಶಕದಲ್ಲಿ ಎಡಿನ್‌ಬರೋದ ವಿಜ್ಞಾನಿಗಳು ತೋರಿಸಿದರು. ಜರ್ಮನಿಯ ಮೊಟ್ಟೆ ಉದ್ಯಮ 2017ರಿಂದ ಕೊಕ್ಕು ಕತ್ತರಿಸಿದ ಕೋಳಿಗಳನ್ನು ಕೊಟ್ಟಿಗೆಗೆ ಸೇರಿಸದಿರಲು ಒಪ್ಪಿಕೊಂಡಿತು. ಕತ್ತರಿಸದ ಕೋಳಿಗಳನ್ನು ಸಾಕುವವರು ಕುಕ್ಕುವುದಕ್ಕೆಂದೇ ಗಟ್ಟಿ ಕಲ್ಲಿನ ಅಚ್ಚು ಇಡುವುದುಂಟು. ಕೋಳಿಗೂ ಹೊತ್ತು ಹೋಗುತ್ತದೆ, ಕೊಕ್ಕೂ ಮೊಂಡಾಗುತ್ತದೆ. ಉದ್ಯಮವೇ ಬ್ಲೇಡು ಬಿಟ್ಟು ಕಲ್ಲಿನ ಕಡೆ ಬರುತ್ತಿರುವಾಗ, ನಾಲ್ಕು ಕೋಳಿ ಇಟ್ಟುಕೊಂಡ ನಾವು ಕಟರ್ ಹಿಡಿಯುವುದು ಹಿನ್ನಡೆ.

ಹಾಗೆಂದು ಕೈಯೇ ಹಾಕಬಾರದು ಎಂಬ ಮಡಿವಂತಿಕೆಯೂ ಸಲ್ಲ. ತಿನ್ನಲಾಗದಷ್ಟು ಬೆಳೆದ ಕೊಕ್ಕಿಗೆ ಕಲ್ಲು ತೋರಿಸಿ ಕಾಯುವುದು ಉಪವಾಸ ಕೆಡವಿದಂತೆ. ಅಲ್ಲಿ ಉಗುರು ಉಜ್ಜುವ ಅರವೇ ಸರಿ. ಕಟರ್‌ನ ಅದುಮಿಗೆ ಪದರು ಉದ್ದಕ್ಕೆ ಸೀಳಬಹುದು; ಅರ ನಿಧಾನ, ಆದರೆ ತಪ್ಪಿದರೂ ತಪ್ಪು ಕೂದಲೆಳೆಯಷ್ಟೇ. ಸಂಜೆ ಕತ್ತಲಾಗುತ್ತಿದ್ದಂತೆ ಕೋಳಿ ತಣ್ಣಗಾಗುತ್ತದೆ, ಆಗ ಟವೆಲ್ಲಿನಲ್ಲಿ ಸುತ್ತಿ ಹಿಡಿಯಬೇಕು. ಎದೆ ಬಿಗಿಯಬಾರದು: ಹಕ್ಕಿಗೆ ನಮ್ಮಂತೆ ವಪೆ ಇಲ್ಲ, ಎದೆಗೂಡು ಆಡಿದರೆ ಮಾತ್ರ ಉಸಿರು. ತಿಳಿಬಣ್ಣದ ಕೊಕ್ಕಿನ ಹಿಂದೆ ಟಾರ್ಚ್ ಹಿಡಿದರೆ ಜೀವಂತ ಭಾಗ ಗುಲಾಬಿಯಾಗಿ ಕಾಣುತ್ತದೆ. ಕರಿಕೊಕ್ಕಿನ ಜವಾರಿ ಕೋಳಿಯಲ್ಲಿ ಈ ಸೌಲಭ್ಯವಿಲ್ಲ. ಇವತ್ತಿಷ್ಟು, ಮುಂದಿನ ವಾರ ಇನ್ನಷ್ಟು ಎಂದೇ ಉಜ್ಜಬೇಕು. ರಕ್ತ ಜಿನುಗಿದರೆ ಜೋಳದ ಹಿಟ್ಟು ಒತ್ತಿ ಹಿಡಿದು ಕೆಲಸ ನಿಲ್ಲಿಸುವುದು.

ಎರಡು ಬಗೆಯ ಕೋಳಿಗಳಿಗೆ ಈ ಆರೈಕೆ ಕಾಯಂ. ಒಂದು, ಮೇಲಿನದು ಒಂದು ಕಡೆಗೆ, ಕೆಳಗಿನದು ಇನ್ನೊಂದು ಕಡೆಗೆ ವಾಲಿದ ಓರೆಕೊಕ್ಕಿನದು. ಎರಡೂ ಒಂದಕ್ಕೊಂದು ತಾಗದ್ದರಿಂದ ಕಲ್ಲೊಂದರಿಂದಲೇ ಅದು ಸರಿಹೋಗುವುದಿಲ್ಲ. ಇನ್ನೊಂದು, ಮೊಟ್ಟೆಯ ಕಾಲ ಮುಗಿದು ಫಾರ್ಮಿನಿಂದ ಬಂದದ್ದು. ಮೊದಲೇ ಮೇಲ್ಕೊಕ್ಕು ಮೊಟಕಾಗಿದ್ದರಿಂದ ಅದರ ಕೆಳಕೊಕ್ಕು ಚಮಚದಂತೆ ಮುಂದೆ ಚಾಚುತ್ತದೆ. ಇವೆರಡಕ್ಕೂ ಆಳದ ಬಟ್ಟಲೇ ಬೇಕು, ಆಗಾಗ ಅರವೂ ಬೇಕು. ಕೊಕ್ಕು ಇದ್ದಕ್ಕಿದ್ದಂತೆ ಬೆಳೆದರೆ, ಮೆತ್ತಗಾಗಿ ಪದರು ಏಳುತ್ತಿದ್ದರೆ ಅದು ಪೆಟ್ಟಿನದೋ ಪೋಷಕಾಂಶದ್ದೋ ಒಳಗಿನ ರೋಗದ್ದೋ ಲಕ್ಷಣ. ಮನೆ ಔಷಧ ಬಿಟ್ಟು ಪಶು ಆಸ್ಪತ್ರೆಗೆ ಒಯ್ಯಬೇಕು.

ಉಳಿದ ಕೋಳಿಗಳ ಮಟ್ಟಿಗೆ ನನ್ನ ತೀರ್ಪು ಸ್ಪಷ್ಟ. ಅರ ತುರ್ತಿನ ಚಿಕಿತ್ಸೆ, ನೆಲವೇ ನಿಜವಾದ ಮದ್ದು. ನೆಲ ಬದಲಿಸದೆ ಕೊಕ್ಕು ಉಜ್ಜಿದರೆ ಕೆಲವೇ ವಾರಗಳಲ್ಲಿ ಮತ್ತೆ ಅದೇ ಕೆಲಸ. ಮಾಳಿಗೆಯಲ್ಲಿ ಸಾಕುವವರೇ, ಮನೆ ಕಟ್ಟಿದಾಗ ಉಳಿದ ಒರಟು ಫರಸಿಯ ತುಂಡೊಂದನ್ನು ಕೋಳಿಯ ಮುಂದಿಡಿ, ಕಾಳನ್ನು ಅದರ ಮೇಲೆಯೇ ಚೆಲ್ಲಿ, ಮೂಲೆಯಲ್ಲೊಂದು ಬುಟ್ಟಿ ಗರಸು ಸುರಿಯಿರಿ. ಇದಕ್ಕೆ ಖರ್ಚೂ ಇಲ್ಲ, ಕೋಳಿಗೆ ನೋವೂ ಇಲ್ಲ.